ಅದು ಹಿಟ್ಟಲ್ಲ, ಸಿಮೆಂಟು

ಆಕೆ ತೀರಿಕೊಂಡ ಸುದ್ದಿ ಬಂದ ವಾರವೇ ನನಗೊಂದು ಫೋನ್ ಬಂತು. ಮನೆಯಲ್ಲೇ ಉಪ್ಪಿನಕಾಯಿ, ಸಾಬೂನು, ಅಗರಬತ್ತಿ ಮಾಡಿ ಮಾರುವ ಹೆಣ್ಣುಮಕ್ಕಳ ಗುಂಪೊಂದು ಸಿಕಂದರಾಬಾದಿನಲ್ಲಿದೆ. ಅದರಲ್ಲಿದ್ದ ನಮ್ಮ ಕಡೆಯ ಹುಡುಗಿಯೊಬ್ಬಳು ಮಾಡಿದ್ದಳು. “ಮೇಡಂ, ಸಣ್ಣ ಬ್ರ್ಯಾಂಡಿಗೆ ಇಂಟರ್ನೆಟ್ಟಿನಿಂದ ಫೋಟೋ ಹೆಂಗ ಆರಿಸಬೇಕು ಅಂತ ಒಂದು ತಾಸು ಹೇಳಿಕೊಡ್ರಿ. ನಿಮಗ ಇದರಾಗ ಭಾಳ ಅನುಭವ ಅದಲ್ಲ.” ಅನುಭವ! ನಾನು “ಆಗೂದಿಲ್ಲ” ಅಂತ ಎಷ್ಟು ಜೋರಾಗಿ ಒದರಿದೆನೆಂದರೆ ಆ ಹುಡುಗಿ ಹೆದರಿ “ಸಾರಿ ಮೇಡಂ” ಎಂದು ಫೋನ್ ಇಟ್ಟುಬಿಟ್ಟಳು. ಪಾಪ, ಆಕೆಯದೇನು ತಪ್ಪು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ. ಇದನ್ನು ಬರೆಯಲು ಕೂತದ್ದೂ ಅದೇ ಸಿಟ್ಟಿನಲ್ಲಿ.

ತೀರಿಕೊಂಡವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಆಕೆಯನ್ನು ಕೇಳದೆ ಆಕೆಯ ಮುಖ ತೆಗೆದುಕೊಂಡವಳು ನಾನು. ಈಗ ಹೆಸರನ್ನೂ ತೆಗೆದುಕೊಂಡರೆ ನನಗಿಂತ ನಾಚಿಕೆಗೆಟ್ಟವರು ಯಾರೂ ಇಲ್ಲ. ಮುಖ ಹೇಗಿತ್ತು ಅಂತಲೂ ಬರೆಯುವುದಿಲ್ಲ. ಸತ್ತವರ ಬಗ್ಗೆ ಬರೆಯುವವರು ಮೊದಲು ಕಣ್ಣು, ಮೂಗು, ನಗು ಅಂತ ಸುರು ಮಾಡುತ್ತಾರೆ. ನಾನು ಬೇಕಾದರೆ ಆಕೆಯ ಕೈ ಹೇಗಿತ್ತು, ಹೇಗೆ ನಡೆಯುತ್ತಿದ್ದಳು, ಹೇಗೆ ಬೈಯುತ್ತಿದ್ದಳು ಎಂದು ಹೇಳುತ್ತೇನೆ. ಅಷ್ಟಕ್ಕೆ ಓದುವವರು ಸಮಾಧಾನ ಮಾಡಿಕೊಳ್ಳಬೇಕು.

ನನ್ನ ಬಗ್ಗೆ ಎರಡು ಮಾತು ಹೇಳದೆ ಗತಿಯಿಲ್ಲ. ನಮ್ಮ ಅಜ್ಜ ಕಲಬುರಗಿ ಕಡೆಯಿಂದ ಕಚೇರಿ ನೌಕರಿಗೆ ಹೈದರಾಬಾದಿಗೆ ಬಂದವರು. ಅಲ್ಲಿಂದ ಮೂರು ತಲೆಮಾರು ಇಲ್ಲೇ. ಹೊರಗೆ ತೆಲುಗು, ಹಿಂದಿ. ಮನೆಯೊಳಗೆ ಕನ್ನಡ, ಜೋಳದ ರೊಟ್ಟಿ. ಪ್ಯಾಕೆಟ್ಟು, ಲೇಬಲ್ಲು, ಅಂಗಡಿ ಬೋರ್ಡುಗಳ ಡಿಸೈನ್ ಮಾಡುವುದು ನನ್ನ ಕೆಲಸ. ನಮ್ಮ ಕಾಕಾನ ಮಗ, ನನಗಿಂತ ಆರು ವರ್ಷ ಚಿಕ್ಕವ, ಇದ್ದ ನೌಕರಿ ಬಿಟ್ಟು ತಾರ್ನಾಕದ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿಯ ವ್ಯಾಪಾರ ಹೂಡಿದ. ಐದು ಮಂದಿ ಹೆಣ್ಣುಮಕ್ಕಳು ಬೆಳಗಿನಿಂದ ರೊಟ್ಟಿ ಬಡಿಯುತ್ತಿದ್ದರು. ಪ್ಯಾಕೆಟ್ಟಿನ ಮೇಲೆ ಒಂದು ಮುಖ ಬೇಕು ಅಂದ.

“ಐದು ಮುಖ ಇಲ್ಲೇ ಅವಲ್ಲೋ, ಒಂದು ಫೋಟೋ ತಗದ್ರಾತು,” ಅಂದೆ.

“ಬ್ಯಾಡಕ್ಕಾ. ನಾಳೆ ಕೆಲಸ ಬಿಟ್ಟು ಇನ್ನೊಬ್ಬರ ಹತ್ರ ಹೋದ್ರ? ಮುಖ ನಮ್ಮ ಪ್ಯಾಕೆಟ್ ಮ್ಯಾಲೆ, ಕೈ ಅವರ ಹಿಟ್ಟಿನಾಗ. ರೆಡಿಮೇಡ್ ಫೋಟೋ ಸಿಗ್ತಾವಲ್ಲ, ಅದರಾಗ ಒಂದು ತಗೋ.”

ನಾನೂ ಹೂಂ ಅಂದೆ. ಆಗ ಅದು ಜಾಣತನ ಅನ್ನಿಸಿತ್ತು.

ಫೋಟೋ ಹುಡುಕುವುದೆಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಯಾರು ಬೇಕಾದರೂ ತೆಗೆದು ಹಾಕಿದ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಲಕ್ಷಗಟ್ಟಲೆ ಫೋಟೋಗಳ ಸೈಟುಗಳಿವೆ. ಕೆಲವು ದುಡ್ಡಿಗೆ, ಕೆಲವು ಪುಕ್ಕಟೆ. ‘ಭಾರತದ ಅಜ್ಜಿ’ ಅಂತ ಹುಡುಕಿದರೆ ರಾಜಸ್ಥಾನದ ಘಾಗ್ರಾ ಬರುತ್ತದೆ, ಹಲ್ಲು ಮುತ್ತಿನಂತೆ ಜೋಡಿಸಿದ ಅಜ್ಜಿಯರು ಬರುತ್ತಾರೆ. ಒಬ್ಬಳಂತೂ ಅದೇ ಸೀರೆಯಲ್ಲಿ ಒಂದು ಫೋಟೋದಲ್ಲಿ ಪಾಯಸ ತಿರುವುತ್ತಿದ್ದಳು, ಇನ್ನೊಂದರಲ್ಲಿ ಲ್ಯಾಪ್‌ಟಾಪ್ ನೋಡಿ ಅಚ್ಚರಿಪಡುತ್ತಿದ್ದಳು, ಮತ್ತೊಂದರಲ್ಲಿ ಎದೆ ಹಿಡಿದುಕೊಂಡು ಸಾಯುತ್ತಿದ್ದಳು. ಉಳಿದವರೆಲ್ಲ ಲಟ್ಟಣಿಗೆ ಹಿಡಿದು ಚಪಾತಿ ಲಟ್ಟಿಸುವವರು. ಜೋಳದ ರೊಟ್ಟಿಯ ಪ್ಯಾಕೆಟ್ಟಿನ ಮೇಲೆ ಲಟ್ಟಣಿಗೆ ಹಾಕಿದರೆ ನಮ್ಮ ಕಡೆಯವರು ಮುಖಕ್ಕೇ ಉಗುಳುತ್ತಾರೆ. ಮೂರು ದಿನ ಹುಡುಕಿ ಕಣ್ಣು ಕೆಂಪಗಾದವು.

ನಾಲ್ಕನೇ ದಿನ ಪುಕ್ಕಟೆ ಸೈಟೊಂದರಲ್ಲಿ ಆಕೆ ಸಿಕ್ಕಳು. ಹಸಿರು ಸೀರೆ, ತಲೆ ಮೇಲೆ ಸೆರಗು, ಹಣೆ ಮೇಲೆ ಅಗಲ ಕುಂಕುಮ. ಯಾರನ್ನೋ ನೋಡಿ ನಗುತ್ತ ಕೈಯನ್ನು ಬಾಯಿಯ ಕಡೆ ಒಯ್ದಿದ್ದಳು. ಆ ಕೈಗೂ ಒಂದು ಗಲ್ಲಕ್ಕೂ ಬೂದು ಬಣ್ಣದ ಹಿಟ್ಟು ಮೆತ್ತಿತ್ತು. ಹಿಂದಿನದೆಲ್ಲ ಮಸುಕು. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಜೋಳದ ಹಿಟ್ಟು! ರೊಟ್ಟಿ ಬಡಿಯುವಾಗ ಯಾರೋ ಕರೆದದ್ದಕ್ಕೆ ತಿರುಗಿ ನಕ್ಕ ಹಾಗೆ! ನಮ್ಮಜ್ಜಿಯ ಗಲ್ಲಕ್ಕೂ ಹೀಗೇ ಹಿಟ್ಟು ಮೆತ್ತಿರುತ್ತಿತ್ತು. ನಮ್ಮ ಕಡೆಯ ಮುಖ, ಅದೂ ಪುಕ್ಕಟೆ. ತಮ್ಮನಿಗೆ ಫೋನ್ ಮಾಡಿ “ಸಿಕ್ಕಳೋ” ಎಂದು ಕೂಗಿದೆ.

ಅವನಿಗೆ ಅಷ್ಟು ಸಾಲಲಿಲ್ಲ. “ನಗು ಛಲೋ ಅದ ಅಕ್ಕಾ. ಆದ್ರ ಬರೇ ನಕ್ಕರ ರೊಟ್ಟಿ ಮಾರೂದಿಲ್ಲ, ಹಿಂದ ಒಂದು ದುಃಖ ಬೇಕು.” ಸರಿ, ದುಃಖ ಬರೆದೆ. ‘ಇಪ್ಪತ್ತೆರಡನೇ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಅವ್ವ ಕಣ್ಣೀರು ಒರೆಸಿಕೊಂಡು ಒಲೆಯ ಮುಂದೆ ಕೂತಳು. ಅವಳ ರೊಟ್ಟಿಯ ಸದ್ದೇ ಮಕ್ಕಳಿಗೆ ಜೋಗುಳವಾಯಿತು.’ ಕನ್ನಡ, ತೆಲುಗು, ಇಂಗ್ಲಿಷು, ಮೂರು ಭಾಷೆಯಲ್ಲಿ ಪ್ಯಾಕೆಟ್ಟಿನ ಹಿಂದೆ ಹಾಕಿದೆವು. ಜೋಗುಳವಂತೆ! ಈಗ ಓದಿದರೆ ಹೇಸಿಗೆಯಾಗುತ್ತದೆ. ಆವತ್ತು ನಾಲ್ಕು ಮಂದಿಗೆ ಓದಿ ತೋರಿಸಿ ಬೇಷ್ ಅನ್ನಿಸಿಕೊಂಡೆ.

ಅಚ್ಚಿಗೆ ಕಳಿಸುವ ಮುಂಚೆ ತಮ್ಮ ಮತ್ತೆ ಫೋನ್ ಮಾಡಿದ. “ಗಂಡ ಸತ್ತಾಕಿ ಅಂತ ಬರದೇವಿ, ಹಣಿ ಮ್ಯಾಲೆ ಇಷ್ಟಗಲ ಕುಂಕುಮ ಅದಲ್ಲ. ನಮ್ಮ ಮಂದಿ ಕೇಳೂದಿಲ್ಲೇನು? ತಗದುಬಿಡು.” ನಾನು ಕಥೆ ತೆಗೆಯಬಹುದಿತ್ತು, ಕುಂಕುಮ ತೆಗೆದೆ. ಅರ್ಧ ನಿಮಿಷದ ಕೆಲಸ. ಪಕ್ಕದ ಚರ್ಮದ ಬಣ್ಣ ಎತ್ತಿ ಅದರ ಮೇಲೆ ಸವರಿದರಾಯಿತು, ಅಲ್ಲಿ ಏನಾದರೂ ಇತ್ತು ಅಂತಲೂ ಗೊತ್ತಾಗುವುದಿಲ್ಲ. ಭಾಳ ನೀಟಾಗಿ ಬಂತು ಅಂತ ಖುಷಿಪಟ್ಟೆ. ನಮ್ಮ ಅಪ್ಪ ಹೋದಾಗ ಅವ್ವ ಕುಂಕುಮ ಅಳಿಸಕೂಡದು ಎಂದು ಮನೆಯ ಹಿರಿಯರ ಜೊತೆ ಕೈಕೈ ಮಿಲಾಯಿಸುವಷ್ಟು ಜಗಳಾಡಿದವಳು ನಾನೇ. ಆ ಜಗಳದ ಮಾತು ಈಗಲೂ ನೆಂಟರಿಷ್ಟರಲ್ಲಿ ನಡೆಯುತ್ತದೆ.

ಪ್ಯಾಕೆಟ್ಟು ಪೇಟೆಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಒಂದು ಮಧ್ಯಾಹ್ನ ನಾನು ತಮ್ಮನ ಕೋಣೆಯಲ್ಲಿ ಕೂತು ಚಟ್ನಿಯ ಲೇಬಲ್ ತೋರಿಸುತ್ತಿದ್ದೆ. ಹೊರಗೆ ಯಾರೋ ಗೋಡೆಯನ್ನು ಅಂಗೈಯಿಂದ ಎರಡು ಸಲ ದಪ್ ದಪ್ ಅಂತ ಬಡಿದ ಸದ್ದಾಯಿತು. ಆಮೇಲೆ ಗೊತ್ತಾಯಿತು, ಅದು ಆಕೆಯ ಅಭ್ಯಾಸ. ಯಾವ ಕಟ್ಟಡಕ್ಕೆ ಹೋದರೂ ಮೊದಲು ಗೋಡೆ ಬಡಿದು ನೋಡುತ್ತಿದ್ದಳು. “ಪೊಳ್ಳೈತಿ” ಅಥವಾ “ಛಲೋ ಐತಿ” ಅಂತ ತನಗೆ ತಾನೇ ಹೇಳಿಕೊಂಡು ಒಳಗೆ ಕಾಲಿಡುತ್ತಿದ್ದಳು. ಆವತ್ತು ಒಳಗೆ ಬಂದು ನಿಂತವಳನ್ನು ನೋಡಿ ನನಗೆ ಮೊದಲು ಆದದ್ದು ಏನು ಗೊತ್ತೇ? ಖುಷಿ. ಟೀವಿಯಲ್ಲಿ ನೋಡಿದವರು ಬಾಗಿಲಿಗೆ ಬಂದಂತೆ. “ಅಯ್ಯ, ನೀನಾ!” ಅಂದೆ, ನಗುತ್ತ.

ಆಕೆ ನಗಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡಿದ್ದ ಪ್ಯಾಕೆಟ್ಟನ್ನು ತೆಗೆದು ಮೇಜಿನ ಮೇಲೆ ಇಟ್ಟಳು.

“ನನ್ನ ಕುಂಕುಮ ಯಾರು ಅಳಿಸ್ಯಾರ?”

ಆ ಕಡೆಯ ಕೋಣೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ನಾನು ಏನೇನೋ ತೊದಲಿದೆ. ಫೋಟೋ ಇಂಟರ್ನೆಟ್ಟಿನಲ್ಲಿತ್ತು, ಎಲ್ಲರೂ ತೊಗೊಳ್ಳುತ್ತಾರೆ, ಕೈಗೆ ಹಿಟ್ಟು ಮೆತ್ತಿತ್ತಲ್ಲ, ಅದಕ್ಕೇ ರೊಟ್ಟಿ ಬಡಿಯುವವಳು ಅಂದುಕೊಂಡೆ…

“ಅದು ಹಿಟ್ಟಲ್ಲರಿ, ಸಿಮೆಂಟ್,” ಅಂದಳು. “ನಾ ಬಿಲ್ಡಿಂಗ್ ಕೆಲಸದಾಕಿ. ಕಾಂಕ್ರೀಟ್ ಹೊರ್ತೀನಿ.”

ಮೂರು ತಲೆಮಾರು ಜೋಳದ ರೊಟ್ಟಿ ತಿಂದ ಮನೆತನದವಳು ನಾನು. ಸಿಮೆಂಟಿಗೂ ಹಿಟ್ಟಿಗೂ ಫರಕು ತಿಳಿಯಲಿಲ್ಲ. ಆಕೆಯ ಊರು ಯಾದಗಿರಿ ಕಡೆಯದು. ಹತ್ತು ವರ್ಷದ ಹಿಂದೆ ಗಂಡ ಹೆಂಡತಿ ಮಗಳನ್ನು ಕಟ್ಟಿಕೊಂಡು ಕೆಲಸಕ್ಕೆ ಬಂದವರು, ಮೆಹದಿಪಟ್ಟಣಂ ಆಚೆ ತಗಡಿನ ಶೆಡ್ಡಿನಲ್ಲಿದ್ದರು. ಯಾವನೋ ಕ್ಯಾಮೆರಾದವ ಒಂದು ದಿನ ಕಟ್ಟಡಕ್ಕೆ ಬಂದು ಫೋಟೋ ತೆಗೆದುಕೊಂಡು ಹೋದದ್ದಷ್ಟೇ ಆಕೆಗೆ ಗೊತ್ತಿತ್ತು. ತಮ್ಮ ಓಣಿಯ ಮೂಲೆಯ ಕಿರಾಣಾ ಅಂಗಡಿಯಲ್ಲಿ ತನ್ನದೇ ಮುಖ ಸಾಲಾಗಿ ನೇತಾಡುವುದನ್ನು ನೋಡಿ ಒಂದನ್ನು ಕೊಂಡೊಯ್ದು ಮಗಳ ಕೈಯಲ್ಲಿ ಓದಿಸಿದ್ದಾಳೆ. ಮಗಳು ತೆಲುಗು ಶಾಲೆಯವಳು, ತೆಲುಗಿನಲ್ಲಿದ್ದದ್ದನ್ನು ಓದಿದ್ದಾಳೆ. ಪ್ಯಾಕೆಟ್ಟಿನ ಮೇಲೆ ತಯಾರಿಸಿದವರ ವಿಳಾಸ ಇರಲೇಬೇಕಲ್ಲ, ಅದನ್ನು ಕೇಳುತ್ತ ಎರಡು ಬಸ್ಸು ಬದಲಿಸಿ ಬಂದಿದ್ದಳು.

“ನನ್ನ ಗಂಡ ಅದಾನ. ಸೆಂಟ್ರಿಂಗ್ ಹಲಗಿ ಹೊಡಿಯೋವಾಗ ಮ್ಯಾಲಿಂದ ಬಿದ್ದು ಕಾಲಿಗೆ ರಾಡ್ ಹಾಕ್ಯಾರ. ಮಲಗ್ಯಾನ, ಆದ್ರ ಉಸಿರಾಡಾಕತ್ತಾನ. ನೀವು ಸಾಯಿಸಿ ಅಂಗಡ್ಯಾಗ ತೂಗ ಹಾಕೀರಿ.” ದನಿ ಏರಲಿಲ್ಲ. “ಕೇಳಿದ್ರ ಬಾಯಿ ಸವೀತಿತ್ತೇನು?”

“ನೀ ಯಾರು, ಎಲ್ಲಿರಾಕಿ, ನಮಗ ಗೊತ್ತಿರಲಿಲ್ಲವಾ,” ಅಂದೆ.

“ಗೊತ್ತಿಲ್ಲದಾಕಿ ಗಂಡನ್ನ ಸಾಯಿಸಾಕ ಬರ್ತೈತಿ?” ಅಂದಳು. ಅಲ್ಲಿಯವರೆಗೆ ನಾನು ಆಕೆಗೆ ‘ನೀ’ ಅನ್ನುತ್ತಿದ್ದೆ, ಆಕೆ ನನಗೆ ‘ರೀ’ ಹಚ್ಚುತ್ತಿದ್ದಳು. ಆ ಹೊತ್ತಿಗೆ ‘ರೀ’ ಬಿದ್ದುಹೋಯಿತು. “ನಿನ್ನ ಗಂಡನ್ನ ಹಿಂಗ ಬರದ್ರ ಹೆಂಗಾಗ್ತೈತಿ ಹೇಳು.”

ಆಕೆ ದುಡ್ಡು ಕೇಳಲಿಲ್ಲ, ಕೇಸು ಅನ್ನಲಿಲ್ಲ. ಕೇಳಿದ್ದು ಒಂದೇ. ಎಲ್ಲ ಅಂಗಡಿಗಳಿಂದ ಆ ಪ್ಯಾಕೆಟ್ಟು ಹೋಗಬೇಕು, ಗಂಡ ಕೋಲು ಹಿಡಿದು ಹೊರಗೆ ಬರುವಷ್ಟರಲ್ಲಿ ಹೋಗಬೇಕು. ಡಾಕ್ಟರು ಒಂದು ತಿಂಗಳು ಅಂದಿದ್ದರು. ಅವನು ಎದ್ದರೆ ಮೊದಲು ಹೋಗುವುದೇ ಬೀಡಿಗೆ ಅಂತ ಆ ಮೂಲೆಯ ಅಂಗಡಿಗೆ. “ಬಿದ್ದಾಗಿಂದ ಅಂವಗ ತಾ ಸತ್ತ ಹೋಗ್ತೀನಿ ಅಂತ ಅಂಜಿಕಿ ಹೊಕ್ಕೈತಿ. ನನ್ನ ಬೋಳು ಹಣಿ ನೋಡಿದ್ರ ಏಳಾವ ಮತ್ತ ಮಲಗ್ತಾನ. ಅಂವ ಇದನ್ನ ನೋಡಬಾರದು,” ಅಂದಳು.

ನನ್ನ ತಮ್ಮನ ಬಗ್ಗೆ ಬರೆಯಲು ನಾಚಿಕೆ. ಮೊದಲು ಮೊಬೈಲ್ ತೆಗೆದು ಸೈಟಿನಲ್ಲಿ ‘ಪುಕ್ಕಟೆ ಬಳಕೆಗೆ’ ಎಂದು ಬರೆದದ್ದನ್ನು ಆಕೆಯ ಮುಂದೆ ಹಿಡಿದ, ಓದಲು ಬಾರದವಳ ಮುಂದೆ. “ಕಾಯ್ದೆ ಪ್ರಕಾರ ನಮ್ಮದೇನೂ ತಪ್ಪಿಲ್ಲ.” ಆಮೇಲೆ ನಾನು ಆ ಸೈಟಿನ ಕರಾರನ್ನು ಪೂರ್ತಿ ಓದಿದೆ. ಫೋಟೋದಲ್ಲಿರುವವರ ಒಪ್ಪಿಗೆ ನೋಡಿಕೊಳ್ಳುವುದು ಬಳಸುವವರ ಹೊಣೆ, ಅವರಿಗೆ ಕುಂದು ಬರುವಂತೆ ಬಳಸಬಾರದು ಅಂತ ಕೆಳಗೆ ಸಣ್ಣಕ್ಷರದಲ್ಲಿತ್ತು. ಹದಿನೈದು ವರ್ಷದಿಂದ ಇದೇ ಕಸುಬು ಮಾಡುತ್ತಿದ್ದೇನೆ, ಒಂದು ಸಲವೂ ಅಲ್ಲಿಯವರೆಗೆ ಇಳಿದು ನೋಡಿರಲಿಲ್ಲ.

ಆಮೇಲೆ ತಮ್ಮ ಡ್ರಾವರಿನಿಂದ ಕೆಂಪು ದುಂಡು ಸ್ಟಿಕರಿನ ಹಾಳೆ ತೆಗೆದ, ಡಬ್ಬಿಗಳಿಗೆ ಗುರುತಿಗೆ ಹಚ್ಚುವಂಥವು. ಒಂದನ್ನು ಕಿತ್ತು ಪ್ಯಾಕೆಟ್ಟಿನ ಮೇಲೆ ಆಕೆಯ ಹಣೆಗೆ ಅಂಟಿಸಿ, “ನೋಡು, ಕುಂಕುಮ ಬಂತು, ಎಲ್ಲಾದಕ್ಕೂ ಹಿಂಗ ಹಚ್ಚಿಬಿಡೂಣು,” ಎಂದ. ಆಕೆ ಉಗುರಿನಿಂದ ಅದನ್ನು ಮೆಲ್ಲಗೆ ಎಬ್ಬಿಸಿ ಅವನ ಅಂಗಿಯ ಜೇಬಿನ ಮೇಲೆ ಅಂಟಿಸಿದಳು. “ನೀವ ಇಟ್ಕೋರಿ,” ಅಂದಳು. ರೊಟ್ಟಿ ಕೋಣೆಯಿಂದ ಯಾರೋ ಕಿಸಕ್ಕನೆ ನಕ್ಕರು.

ಅಷ್ಟಾದರೂ ಬಿಡಲಿಲ್ಲ ಆಸಾಮಿ. “ಹಂಗಾದ್ರ ನೀ ಇಲ್ಲೇ ರೊಟ್ಟಿ ಬಡೀಲಿಕ್ಕೆ ಬಂದುಬಿಡು. ಬಿಸಲಾಗ ಕಾಂಕ್ರೀಟ್ ಹೊರೂದು ತಪ್ಪತದ, ನಮ್ಮ ಕಥಿನೂ ಖರೇ ಆಗ್ತದ.”

“ನಿಮ್ಮ ಕಥಿ ಖರೇ ಆಗಬೇಕಂದ್ರ ನನ್ನ ಗಂಡ ಸಾಯಬೇಕಾಗ್ತೈತ್ರಿ,” ಅಂದಳು.

ಆಗ ನಾನು ಎದ್ದು ನಿಂತೆ. ಎರಡು ತಿಂಗಳಲ್ಲಿ ಮಾಲು ತಾನೇ ಮುಗಿಯುತ್ತದೆ, ಸುಮ್ಮನಿರು ಅಂತ ತಮ್ಮ ಕಣ್ಸನ್ನೆ ಮಾಡುತ್ತಿದ್ದ. ಅಂಗಡಿಗಳ ಪಟ್ಟಿ ಕೊಡು ಅಂದೆ. ಕೊಡುವುದಿಲ್ಲ ಅಂದ. ಕೊಡದಿದ್ದರೆ ನಿನ್ನ ಪ್ರತಿ ಅಂಗಡಿಯವನಿಗೂ ಈಕೆಯನ್ನು ಕರೆದುಕೊಂಡು ಹೋಗಿ ನಿಲ್ಲಿಸುತ್ತೇನೆ ಅಂತ ಹಲ್ಲು ಕಡಿದೆ. ಕೊಟ್ಟ. ಆವತ್ತಿನಿಂದ ನಮ್ಮಿಬ್ಬರ ಮಾತು ಅಷ್ಟಕ್ಕಷ್ಟೇ.

ಒಂದು ತಿಂಗಳು ಆಕೆಯ ಜೊತೆ ಅಡ್ಡಾಡಿದೆ. ಭಾನುವಾರ ಇಡೀ ದಿನ, ಉಳಿದ ದಿನ ಕೆಲಸ ಬಿಟ್ಟ ಮೇಲೆ ಸಂಜೆ. ಆಕೆಯ ಮಾತಿನಂತೆ ಮೊದಲು ಆ ಮೂಲೆಯ ಅಂಗಡಿ ಖಾಲಿ ಮಾಡಿದೆವು. ಆಮೇಲೆ ಮೆಹದಿಪಟ್ಟಣಂ, ಸಿಕಂದರಾಬಾದ್, ತಾರ್ನಾಕ. ಹಿಮ್ಮಡಿ ಊರಿ ಭಾರವಾಗಿ ನಡೆಯುತ್ತಿದ್ದಳು, ತಲೆ ಮೇಲೆ ಏನೂ ಇಲ್ಲದಾಗಲೂ ಕುತ್ತಿಗೆ ಅಲ್ಲಾಡುತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟೇ ಬೇಕು. “ಆ ಕಡಿ ನೋಡ್ರಿ ಅಕ್ಕಾರ, ಆ ಬಿಲ್ಡಿಂಗಿನ ಐದನೇ ಮಜಲಿ ನಂದು. ಆ ದವಾಖಾನಿ ಹಿಂದಿನ ಗ್ವಾಡಿ ನಂದು.” ಐವತ್ತು ವರ್ಷ ಈ ಊರಲ್ಲಿದ್ದರೂ ನಂದು ಅಂತ ತೋರಿಸಲು ನನಗೆ ಒಂದು ಗೋಡೆಯೂ ಇಲ್ಲ. ಹಾಗಂದರೆ ಆಕೆ “ನೀವು ಪ್ಯಾಕೆಟ್ ತೋರಸ್ರಿ” ಅಂತ ಚುಚ್ಚುತ್ತಿದ್ದಳು. ಚುಚ್ಚುವುದರಲ್ಲಿ ಕಡಿಮೆ ಇರಲಿಲ್ಲ.

ಒಬ್ಬ ಅಂಗಡಿಯವ ಪ್ಯಾಕೆಟ್ಟನ್ನೂ ಆಕೆಯನ್ನೂ ನೋಡಿ “ಅರೇ, ಏ ತೋ ಆಪೀಚ್ ಹೈ!”, ಇದು ನೀವೇ ಅಲ್ಲವೇ ಅಂತ ಕುಣಿದಾಡಿ ಸೆಲ್ಫಿಗೆ ಮೊಬೈಲ್ ಎತ್ತಿದ. “ನಕ್ಕೋ!”, ಬೇಡ ಎಂದು ಈ ಊರಿನ ಹಿಂದಿಯಲ್ಲೇ ಗದರಿಸಿ ಸೆರಗನ್ನು ಗದ್ದದವರೆಗೆ ಎಳೆದುಕೊಂಡಳು. ಆಮೇಲೆ ಎಂದೂ ಯಾರ ಮೊಬೈಲಿನ ಮುಂದೆಯೂ ನಿಲ್ಲಲಿಲ್ಲ. ಸಿಕಂದರಾಬಾದಿನ ಅಂಗಡಿಯೊಂದರಲ್ಲಿ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ರೊಟ್ಟಿ ಕೊಳ್ಳಲು ಬಂದಿದ್ದಳು. ಪ್ಯಾಕೆಟ್ಟಿನ ಹಿಂದೆ ಓದಿ “ಪಾಪ, ಎಷ್ಟು ಸಣ್ಣ ವಯಸ್ಸಿಗೆ ಕುಂಕುಮ ಹೋಗೇದ ನೋಡ್ರಿ” ಎಂದು ನನ್ನ ಮುಂದೆ ಲೊಚಗುಟ್ಟಿದಳು. ಈಕೆ ಪಕ್ಕದಿಂದ ಮುಖ ಹಾಕಿ “ಆಕಿ ಗಂಡ ಮನ್ಯಾಗ ಕುಂತು ಬೀಡಿ ಇಲ್ಲಂತ ಒದರಾಕತ್ತಾನರಿ” ಅಂದಳು. ಆ ಹೆಣ್ಣುಮಗಳು ಎರಡೂ ಮುಖ ನೋಡಿ, ಪ್ಯಾಕೆಟ್ಟು ಅಲ್ಲೇ ಇಟ್ಟು, ಚೀಲ ಎತ್ತಿಕೊಂಡು ಹೊರಟೇ ಹೋದಳು. ನಾವಿಬ್ಬರೂ ಜೊತೆಗೆ ನಕ್ಕದ್ದು ಆವತ್ತು ಒಂದೇ ಸಲ.

ಇನ್ನೊಂದು ಹೇಳಬೇಕು. ಆಕೆಯ ಸೆರಗಿನ ತುದಿಯಲ್ಲಿ ಸಣ್ಣ ಕುಂಕುಮದ ಡಬ್ಬಿ ಗಂಟು ಹಾಕಿರುತ್ತಿತ್ತು. ಅಂಗಡಿಯವರು ಕೊಟ್ಟ ಪ್ಯಾಕೆಟ್ಟನ್ನು ಹಾಗೇ ಚೀಲಕ್ಕೆ ಹಾಕುತ್ತಿರಲಿಲ್ಲ. ಒಂದೊಂದಾಗಿ ಕೈಗೆ ತೊಗೊಂಡು, ನಡುಬೆರಳಿನಿಂದ ಆ ಬೋಳು ಹಣೆಗೆ ಕುಂಕುಮ ಹಚ್ಚಿ, ಆಮೇಲೆ ಹಾಕುತ್ತಿದ್ದಳು. ಪ್ಲಾಸ್ಟಿಕ್ಕಿನ ಮೇಲೆ ಕುಂಕುಮ ಎಲ್ಲಿ ನಿಲ್ಲುತ್ತದೆ? ಉದುರಿ ಹೋಗುತ್ತಿತ್ತು. ಮತ್ತೆ ಹಚ್ಚುತ್ತಿದ್ದಳು. ಮಂದಿ ನಿಂತು ನೋಡುತ್ತಿದ್ದರು. ನನಗೆ ಮುಜುಗರವಾಗಿ “ಹೆಂಗೂ ಸುಡೂವ ಅಲ್ಲೇನ, ಯಾಕ ಇಷ್ಟು ತ್ರಾಸು?” ಅಂದೆ. “ಹಂಗ ಕಳಸಬಾರದ್ರಿ,” ಅಂದಳು. ರೊಟ್ಟಿಯನ್ನು ಬಿಚ್ಚಿ ಶೆಡ್ಡಿನ ಮಂದಿಗೆ ಹಂಚಿದಳು, ಕವರುಗಳನ್ನು ತಾನೇ ಸುಟ್ಟಳು. ಆ ಕುಂಕುಮ ಅಳಿಸಿದ ನನ್ನ ಕೈ ಇತ್ತಲ್ಲ, ಅದನ್ನು ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಗಂಡ ಡಾಕ್ಟರು ಹೇಳಿದ್ದಕ್ಕಿಂತ ಒಂದು ವಾರ ಮೊದಲೇ ಕೋಲು ಹಿಡಿದು ಎದ್ದ. ಎದ್ದವನು ಸೀದಾ ಆ ಮೂಲೆಯ ಅಂಗಡಿಗೇ ಹೋದ. ಅಲ್ಲಿ ಏನೂ ಇರಲಿಲ್ಲ. ಬೀಡಿ ತೊಗೊಂಡು ಬಂದ ಅಂತ ಆಕೆ ನನಗೆ ಮಗಳ ಫೋನಿನಿಂದ ಹೇಳಿದಳು. ಅಷ್ಟೇ ಹೇಳಿ ಇಟ್ಟಳು. ಆವತ್ತು ಊಟ ರುಚಿಸಿತು.

ಆಮೇಲೆ ಎರಡು ವರ್ಷ, ತಾರ್ನಾಕದ ಕಡೆ ಕೆಲಸ ಬಿದ್ದಾಗೆಲ್ಲ ನಮ್ಮ ಮನೆಗೆ ಬರುತ್ತಿದ್ದಳು. ಗೋಡೆ ಬಡಿದು, ಚಹಾ ಕಪ್ಪಿನಿಂದ ಬಸಿಗೆ ಸುರುವಿಕೊಂಡು ಕುಡಿದು, ಬೈದು ಹೋಗುತ್ತಿದ್ದಳು. ನಾನು ಆ ಸೈಟಿನವರಿಗೆ ಫೋಟೋ ತೆಗೆಯಿರಿ ಅಂತ ಕಾಗದದ ಮೇಲೆ ಕಾಗದ ಬರೆದೆ. ‘ನಿಮ್ಮ ದೂರು ನಮಗೆ ಮುಖ್ಯ’ ಅಂತ ಪ್ರತಿ ಸಲ ಅದೇ ಉತ್ತರ, ಬರೆದದ್ದು ಮನುಷ್ಯರೇ ಹೌದೋ ಅಲ್ಲವೋ. ಆ ಕ್ಯಾಮೆರಾದವನಿಗೂ ಬರೆದೆ. ಅವನು ಉತ್ತರ ಕೊಟ್ಟ. ‘ನನ್ನ ಫೋಟೋ ಬಳಸಿದ್ದಕ್ಕೆ ಧನ್ಯವಾದ, ಕೆಳಗೆ ನನ್ನ ಹೆಸರು ಹಾಕಿದರೆ ಸಂತೋಷ.’ ಅವನ ಹೆಸರಂತೆ, ಅವನ ಫೋಟೋವಂತೆ! ಥೂ ಅವನ.

ಮತ್ತೆ ಎಲ್ಲೆಲ್ಲಿ ಇದೆ ಅಂತ ಹುಡುಕಿದೆ. ಮೊಣಕಾಲು ನೋವಿನ ಎಣ್ಣೆಗೆ ಆಕೆ, ಸಾಲ ಕೊಡುವ ಆ್ಯಪಿಗೆ ಆಕೆ, ಗ್ಯಾಸ್ ಒಲೆಗೆ ಆಕೆ, ಮಹಿಳಾ ಸಬಲೀಕರಣದ ಸೆಮಿನಾರಿನ ಕರಪತ್ರದ ಮೇಲೂ ಆಕೆಯೇ. ಮುಚ್ಚಿಡಬಾರದು ಎಂದು ಎಲ್ಲ ತೋರಿಸಿದೆ. “ಎಣ್ಣಿಗೂ ನಾನ, ಸಾಲಕ್ಕೂ ನಾನ? ಊರಾಗ ಮತ್ತ ಹೆಂಗಸ್ರು ಇಲ್ಲೇನು ಇವರಿಗೆ?” ಎಂದು ಬೈದಳು. ಆಮೇಲೆ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದನ್ನೇ ನೋಡಿದಳು. “ಇವರ ಯಾರೂ ಕುಂಕುಮ ಅಳಿಸಿಲ್ಲ ನೋಡ್ರಿ,” ಅಂದಳು. ಹೌದು, ಅಷ್ಟೂ ಮಂದಿಯಲ್ಲಿ ಅಳಿಸಿದವಳು ನಾನೊಬ್ಬಳೇ. ಆಕೆ ಹಂಗಿಸಲು ಹೇಳಲಿಲ್ಲ, ಸಮಾಧಾನಕ್ಕೆ ಹೇಳಿದ್ದು. ಅದಕ್ಕೇ ನನಗೆ ಹೆಚ್ಚು ಹತ್ತಿತು.

ಮೊನ್ನೆ ಮಳೆಗಾಲದಲ್ಲಿ ಜ್ವರ ಅಂತ ಮಲಗಿದವಳು ನಾಲ್ಕನೇ ದಿನಕ್ಕೆ ಹೋಗಿಬಿಟ್ಟಳು. ನಲವತ್ತೈದು ದಾಟಿರಲಿಲ್ಲ. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ, ಊರಿಗೆ ಒಯ್ದಿದ್ದರು. ತಿರುಗಿ ಬಂದ ಮೇಲೆ ಮಗಳು ಫೋನ್ ಮಾಡಿದಳು. “ಅಕ್ಕಾರ, ಮನ್ಯಾಗ ಅವ್ವನ್ದು ಒಂದೂ ಫೋಟೋ ಇಲ್ರಿ. ಆಧಾರ್ ಕಾರ್ಡಿನಾಗಿಂದು ಅವ್ವನಂಗ ಕಾಣೂದಿಲ್ಲ. ಆ ಪ್ಯಾಕೆಟ್ದು ಐತೇನ್ರಿ ನಿಮ್ಮ ಹತ್ರ? ಕುಂಕುಮ ಇದ್ದದ್ದು?”

ಎರಡು ದಿನ ನನ್ನೊಳಗೇ ಜಗಳಾಡಿದೆ. ಬೇಡ ಅನ್ನಲು ನಾನ್ಯಾರು, ಕೊಡಲು ನಾನ್ಯಾರು. ಕೊನೆಗೆ ಮೂಲ ಫೋಟೋವನ್ನು, ಎಲ್ಲೂ ಕತ್ತರಿಸದೆ, ಎಲ್ಲೂ ಸವರದೆ, ದೊಡ್ಡದಾಗಿ ಅಚ್ಚು ಹಾಕಿಸಿ ಕಟ್ಟು ಹಾಕಿಸಿಕೊಂಡು ಶೆಡ್ಡಿಗೆ ಹೋದೆ. ಗಂಡ ಹೊರಸಿನ ಮೇಲೆ ಕೂತಿದ್ದ, ಕೋಲು ಪಕ್ಕಕ್ಕೆ. ಅವನನ್ನು ನಾನು ನೋಡಿದ್ದು ಅದೇ ಮೊದಲು. ಪ್ಯಾಕೆಟ್ಟಿನ ಸುದ್ದಿ ಅವನಿಗೆ ಕೊನೆಯವರೆಗೂ ಗೊತ್ತಾಗದಂತೆ ತಾಯಿ ಮಗಳು ನೋಡಿಕೊಂಡಿದ್ದರು. ಹೆಂಡತಿಗೆ ಪರಿಚಯದವಳು, ಫೋಟೋ ತಂದಿದ್ದೇನೆ ಅಂತಷ್ಟೇ ಹೇಳಿ ತೊಡೆಯ ಮೇಲೆ ಇಟ್ಟೆ.

ಬಹಳ ಹೊತ್ತು ನೋಡಿದ. ಗಾಜಿನ ಮೇಲೆ ಬೆರಳಾಡಿಸಿದ. ಆಮೇಲೆ ಅವನ ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾನೆ ಅಂದುಕೊಂಡೆ, ನಗುತ್ತಿದ್ದ.

“ಇದು ಆ ಕ್ಯಾಮೆರಾದವ ತಗದದ್ದಲ್ರಿ? ನಾ ಅಲ್ಲೇ ಇದ್ದೆ. ಅಂವ ನೆಲದ ಮ್ಯಾಲೆ ಕುಕ್ಕರಗಾಲಲೆ ಕುಂತು, ಒಂದು ಕಣ್ಣು ಮುಚ್ಚಿ, ಕುಂಡಿ ಎತ್ತಿ, ‘ನವ್ವಮ್ಮಾ, ನವ್ವು’, ನಗವ್ವಾ ಅಂತ ತೆಲುಗಿನಾಗ ಹೇಳಿದ್ದ ಹೇಳಿದ್ದು. ಈಕಿ ಗಂಟು ಮಾರಿ ಹಾಕ್ಕೊಂಡು ನಿಂತಿದ್ಲು. ನಾ ಅಂವನ ಹಿಂದ ಹಲಗಿ ಮ್ಯಾಲ ನಿಂತಿದ್ದೆ. ಅಂವ ಕುಂತಂಗ ಕುಂತು, ಅಂವನಂಗ ಕುಂಡಿ ಎತ್ತಿ ತೋರಿಸಿದೆ. ಆಗ ನಕ್ಕಾಳ. ಬಾಯಿ ಮುಚ್ಕೊಳ್ಳಾಕ ಹೋಗಿ ಸಿಮೆಂಟ್ ಕೈ ಗಲ್ಲಕ್ಕ ಬಡಕೊಂಡಾಳ ನೋಡ್ರಿ.” ಚೌಕಟ್ಟನ್ನು ಎದೆಗೆ ಒತ್ತಿಕೊಂಡ. “ಇದು ಅಂವಗ ನಕ್ಕದ್ದಲ್ರಿ. ನನಗ ನಕ್ಕದ್ದು.”

ಮಗಳು ಬಾಗಿಲಲ್ಲಿ ನಿಂತಿದ್ದಳು. ಅವನು ಚೌಕಟ್ಟನ್ನು ಇಳಿಸದೆಯೇ ನನ್ನ ಕಡೆ ನೋಡಿದ.

“ಇದು ನಮ್ಮ ಹತ್ರ ಅಷ್ಟ ಐತಲ್ರಿ? ಮತ್ತ ಯಾರ ಹತ್ರನೂ ಇಲ್ಲಲ್ರಿ?”

ಮಗಳು ನನ್ನ ಮುಖ ನೋಡಿದಳು.

“ಇಲ್ರಿ,” ಅಂದೆ. “ನಿಮ್ಮ ಹತ್ರ ಅಷ್ಟ.”